ಬಣ್ಣ ಹೋಯಿತು, ರೋಗ ಹೋಗಲಿಲ್ಲ: ಶಿಬಿರದಲ್ಲಿ ಮಾರುವ ಆ್ಯಂಟಿಆಕ್ಸಿಡೆಂಟ್ ಕ್ಯಾಪ್ಸೂಲಿನ ವಿಮರ್ಶೆ

ಅರವತ್ತು ಕ್ಯಾಪ್ಸೂಲಿನ ಡಬ್ಬಿಗೆ 1,850 ರೂಪಾಯಿ. ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟವಾದ ಮೇಲೆ. ಔಷಧದ ಅಂಗಡಿಗಳಲ್ಲಿ ಸಿಗುವುದಿಲ್ಲ. ಉಚಿತ ಆರೋಗ್ಯ ಶಿಬಿರವೆಂದು ಸಭಾಭವನ ಹಿಡಿದು ಮಾರುವವರ ಕೈಯಿಂದಲೇ ಕೊಳ್ಳಬೇಕು. ಹೆಸರು ಬರೆಯುವುದಿಲ್ಲ. ಹೆಚ್ಚುಕಡಿಮೆ ಇವೇ ಅಂಶಗಳು ಬೇರೆ ಬೇರೆ ಹೆಸರಿನಲ್ಲಿ, ಬೇರೆ ಬೇರೆ ಬಣ್ಣದ ಡಬ್ಬಿಗಳಲ್ಲಿ ಊರೆಲ್ಲ ಓಡಾಡುತ್ತಿವೆ. ಹೆಸರಿಗಿಂತ ಡಬ್ಬಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿರುವುದನ್ನು ಓದುವುದು ಮುಖ್ಯ. ನಾನು ಕೊಡುವ ಅಂಕ ಐದಕ್ಕೆ ಒಂದು. ಒಳಗಿರುವುದನ್ನು ಪ್ರಮಾಣ ಸಹಿತ ಮುದ್ರಿಸಿದ್ದಾರೆ, ಆ ಒಂದು ಅಂಕ ಅದಕ್ಕೆ.

ನಾನು ಮಂಗಳೂರಿನ ಒಂದು ಆಸ್ಪತ್ರೆಯ ಬಯೋಕೆಮಿಸ್ಟ್ರಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ರಕ್ತ, ಮೂತ್ರದ ಮಾದರಿಗಳ ನಡುವೆಯೇ ನನ್ನ ದಿನ ಕಳೆಯುತ್ತದೆ. ಈ ಡಬ್ಬಿ ನಮ್ಮ ಮನೆಗೆ ಬಂದದ್ದು ಮಾವನ ಮೂಲಕ. ಅವರು ಹಂಚಿನ ಕಾರ್ಖಾನೆಯಲ್ಲಿ ದುಡಿದವರು, ಹರೆಯದಿಂದಲೂ ಬೀಡಿ ಸೇದಿದವರು, ಈಗಲೂ ಪೂರ್ತಿ ಬಿಟ್ಟಿಲ್ಲ. ಬೀಡಿಯ ವಿಷಯ ಈ ವಿಮರ್ಶೆಗೆ ಬಹಳ ಮುಖ್ಯ, ಮುಂದೆ ಹೇಳುತ್ತೇನೆ.

ಶಿಬಿರದಲ್ಲಿ ಎರಡು ಪ್ರದರ್ಶನ ಇರುತ್ತದೆ. ಮೊದಲನೆಯದು, ಅಂಗೈಯಲ್ಲಿ ಲೋಹದ ಕಡ್ಡಿ ಹಿಡಿಸಿ, ಅದರ ವಯರನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ಒಂದು ನಿಮಿಷದಲ್ಲಿ ಹತ್ತಾರು ಪುಟಗಳ ವರದಿ ಕೊಡುವುದು. ಮಾವನ ವರದಿಯಲ್ಲಿ ‘ಫ್ರೀ ರ‍್ಯಾಡಿಕಲ್ ಮಟ್ಟ: ಅಪಾಯಕಾರಿ’ ಎಂದು ಕೆಂಪು ಅಕ್ಷರದಲ್ಲಿತ್ತು. ಇದು ಪರೀಕ್ಷೆಯೇ ಅಲ್ಲ. ಫ್ರೀ ರ‍್ಯಾಡಿಕಲ್ ಎಂದರೆ ಜೋಡಿಯಿಲ್ಲದ ಎಲೆಕ್ಟ್ರಾನ್ ಹೊತ್ತ ಅಣು ಅಥವಾ ಅಣುವಿನ ತುಂಡು. ಅವುಗಳಲ್ಲಿ ಅತ್ಯಂತ ಉಗ್ರವಾದ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಜೀವಕೋಶದೊಳಗೆ ಬದುಕುವುದು ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗದಷ್ಟು ಹೊತ್ತು. ಹುಟ್ಟಿದಲ್ಲೇ ಪಕ್ಕದ ಅಣುವನ್ನು ಕಚ್ಚಿ ಮುಗಿದುಹೋಗುತ್ತದೆ. ಅಂಥದ್ದನ್ನು ಅಂಗೈಯ ಕಡ್ಡಿ ಅಳೆಯಲಾರದು. ಸಂಶೋಧನೆಯ ಲ್ಯಾಬುಗಳಲ್ಲೂ ಸಾಮಾನ್ಯವಾಗಿ ಅಳೆಯುವುದು ಅವು ಬಿಟ್ಟುಹೋದ ಗುರುತುಗಳನ್ನು: ಕೊಬ್ಬು ಒಡೆದಾಗ ಉಳಿಯುವ ಮೆಲೋನ್‌ಡೈಆಲ್ಡಿಹೈಡ್, ಐಸೊಪ್ರೋಸ್ಟೇನ್, ಡಿಎನ್‌ಎಗೆ ಪೆಟ್ಟಾದಾಗ ಮೂತ್ರದಲ್ಲಿ ಬರುವ ತುಣುಕುಗಳು. ಅದಕ್ಕೆ ಮಾದರಿ ಬೇಕು, ಯಂತ್ರ ಬೇಕು, ಸಮಯ ಬೇಕು.

ಎರಡನೆಯ ಪ್ರದರ್ಶನವೇ ಜನರಿಂದ ದುಡ್ಡು ಬಿಚ್ಚಿಸುವುದು. ಒಂದು ಗ್ಲಾಸು ನೀರಿಗೆ ಗಾಯಕ್ಕೆ ಹಚ್ಚುವ ಅಯೋಡಿನ್ ಕೆಲವು ಹನಿ ಹಾಕುತ್ತಾರೆ. ನೀರು ಕಂದು ಬಣ್ಣಕ್ಕೆ ತಿರುಗುತ್ತದೆ. ‘ಇದು ನಿಮ್ಮ ರಕ್ತ, ಈ ಬಣ್ಣವೇ ಫ್ರೀ ರ‍್ಯಾಡಿಕಲ್’ ಎನ್ನುತ್ತಾರೆ. ಕ್ಯಾಪ್ಸೂಲ್ ಬಿಚ್ಚಿ ಪುಡಿ ಉದುರಿಸಿ ಕಲಕುತ್ತಾರೆ. ಕಂದು ಬಣ್ಣ ಮಾಯವಾಗಿ ನೀರು ತಿಳಿಯಾಗುತ್ತದೆ. ಸಭೆ ಚಪ್ಪಾಳೆ ತಟ್ಟುತ್ತದೆ.

“ಕಣ್ಣಾರೆ ನೋಡಿದ್ದೇನೆ, ಯಾರೋ ಹೇಳಿದ್ದಲ್ಲ” ಎಂದರು ಮಾವ.

“ನೀವು ನೋಡಿದ್ದು ನಿಜವೇ ಮಾವ. ಅದನ್ನೇ ನಾನು ನೆಲ್ಲಿಕಾಯಿಯಲ್ಲಿ ಮಾಡಿ ತೋರಿಸುತ್ತೇನೆ” ಎಂದೆ. ಸೆಂಟ್ರಲ್ ಮಾರ್ಕೆಟಿನಿಂದ ತಂದ ನೆಲ್ಲಿಕಾಯಿ ಮನೆಯಲ್ಲೇ ಇತ್ತು. ತುರಿದು ಹಿಂಡಿ ಅಯೋಡಿನ್ ನೀರಿಗೆ ಒಂದು ಚಮಚ ರಸ ಬಿಟ್ಟೆ. ಬಣ್ಣ ಹೋಯಿತು. ನೆಲ್ಲಿಕಾಯಿಯಲ್ಲೂ ಕ್ಯಾಪ್ಸೂಲಿನಲ್ಲೂ ಕೆಲಸ ಮಾಡಿದ್ದು ವಿಟಮಿನ್ ಸಿ. ಅದು ಅಯೋಡಿನ್ನಿಗೆ ಎಲೆಕ್ಟ್ರಾನ್ ಕೊಟ್ಟು ಬಣ್ಣವಿಲ್ಲದ ಅಯೊಡೈಡ್ ಮಾಡುತ್ತದೆ. ಪಿಯುಸಿ ಮಕ್ಕಳು ಬ್ಯುರೆಟ್ ಹಿಡಿದು ಮಾಡುವ ಟೈಟ್ರೇಷನ್ ಇದೇ ಜಾತಿಯದು. ಅಯೋಡಿನ್ ಅಣುವಿನಲ್ಲಿ ಜೋಡಿಯಿಲ್ಲದ ಎಲೆಕ್ಟ್ರಾನೇ ಇಲ್ಲ, ಅದು ಫ್ರೀ ರ‍್ಯಾಡಿಕಲ್ ಅಲ್ಲ. ಗ್ಲಾಸಿನಲ್ಲಿ ಆದದ್ದು ರಸಾಯನಶಾಸ್ತ್ರ ಹೌದು. ಅದರಿಂದ ಶ್ವಾಸಕೋಶಕ್ಕೋ ಹೃದಯಕ್ಕೋ ರಕ್ಷಣೆ ಸಿಕ್ಕಿತು ಎನ್ನುವುದು ಮಾರುವವರು ಸೇರಿಸಿದ ಮಾತು.

ಹಾಗೆಂದು ಫ್ರೀ ರ‍್ಯಾಡಿಕಲ್ ಎನ್ನುವುದೇ ಸುಳ್ಳು, ಅದಕ್ಕೆ ಎಲೆಕ್ಟ್ರಾನ್ ಕೊಟ್ಟು ತಣಿಸುವ ಆ್ಯಂಟಿಆಕ್ಸಿಡೆಂಟ್ ಎನ್ನುವುದೇ ವ್ಯಾಪಾರ ಎಂದು ಯಾರೂ ತಿಳಿಯಬಾರದು. ನನಗೆ ಸಿಟ್ಟು ಬರುವುದು ಇಷ್ಟು ಸೊಗಸಾದ ವಿಷಯವನ್ನು ಹೀಗೆ ಹಾಳುಮಾಡುತ್ತಾರಲ್ಲ ಎಂದೇ. ನಾವು ಎಳೆದುಕೊಳ್ಳುವ ಆಮ್ಲಜನಕವನ್ನು ಜೀವಕೋಶದ ಮೈಟೊಕಾಂಡ್ರಿಯಾ ಹಂತ ಹಂತವಾಗಿ ನೀರಾಗಿಸುತ್ತದೆ. ದಾರಿಯಲ್ಲಿ ಒಂದಿಷ್ಟು ಎಲೆಕ್ಟ್ರಾನ್ ಸೋರಿ ಆಮ್ಲಜನಕಕ್ಕೆ ಅಂಟಿಕೊಂಡರೆ ಸೂಪರ್‌ಆಕ್ಸೈಡ್ ಹುಟ್ಟುತ್ತದೆ. ಅದನ್ನು ಹಿಡಿದು ಹಾಕುವ ಕಿಣ್ವ ನಮ್ಮೊಳಗೇ ಇದೆ ಎಂದು ತೋರಿಸಿದವರು ಅಮೆರಿಕದ ಜೋ ಮೆಕಾರ್ಡ್ ಮತ್ತು ಇರ್ವಿನ್ ಫ್ರಿಡೊವಿಚ್, 1969ರಲ್ಲಿ. ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಎಂದು ಅದರ ಹೆಸರು. ಅದು ಸೂಪರ್‌ಆಕ್ಸೈಡನ್ನು ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತದೆ. ಪೆರಾಕ್ಸೈಡನ್ನು ಕ್ಯಾಟಲೇಸ್ ಎಂಬ ಇನ್ನೊಂದು ಕಿಣ್ವ ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ತರಚಿದ ಗಾಯಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಸುರಿದಾಗ ಬಿಳಿ ನೊರೆ ಏಳುವುದನ್ನು ನೋಡಿರುತ್ತೀರಿ. ಆ ನೊರೆ ಎಬ್ಬಿಸುವುದು ನಿಮ್ಮದೇ ರಕ್ತ, ನಿಮ್ಮದೇ ಅಂಗಾಂಶದ ಕ್ಯಾಟಲೇಸ್. ಪೆರಾಕ್ಸೈಡ್ ಉಳಿದುಬಿಟ್ಟು ಅದಕ್ಕೆ ಬಿಡಿ ಕಬ್ಬಿಣ ಸಿಕ್ಕಿತೋ, ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತದೆ. ಕಬ್ಬಿಣ ಮತ್ತು ಪೆರಾಕ್ಸೈಡ್ ಸೇರಿದರೆ ಏನಾಗುತ್ತದೆ ಎಂಬುದನ್ನು ಫೆಂಟನ್ ಎಂಬವರು 1894ರಲ್ಲೇ ಗಮನಿಸಿದ್ದರು. ಅದಕ್ಕಾಗಿಯೇ ನಮ್ಮ ದೇಹ ಕಬ್ಬಿಣವನ್ನು ಬಿಡಿಯಾಗಿ ತಿರುಗಲು ಬಿಡದೆ ಪ್ರೋಟೀನುಗಳಾದ ಫೆರಿಟಿನ್, ಟ್ರಾನ್ಸ್‌ಫೆರಿನ್‌ಗಳೊಳಗೆ ಬಂಧಿಸಿಟ್ಟಿದೆ.

ಜೀವಕೋಶದ ಪೊರೆ ಕೊಬ್ಬಿನಿಂದ ಆದದ್ದು. ಹಳೆಯ ಕಡಲೆಕಾಯಿ ಎಣ್ಣೆ ಮುಗ್ಗುವಾಸನೆ ಹೊಡೆಯುವುದು, ಬೂತಾಯಿ ಮೀನನ್ನು ಶೀತಲಪೆಟ್ಟಿಗೆಯಲ್ಲಿ ಬಹಳ ದಿನ ಇಟ್ಟರೆ ಕಮಟು ಬರುವುದು ಯಾವ ಕ್ರಿಯೆಯಿಂದಲೋ, ಪೊರೆಯಲ್ಲಿ ನಡೆಯುವುದೂ ಅದೇ ಕ್ರಿಯೆ. ಒಂದು ಕೊಬ್ಬಿನಾಮ್ಲ ರ‍್ಯಾಡಿಕಲ್ ಆದರೆ ಪಕ್ಕದ್ದನ್ನು ಕೆಡಿಸುತ್ತದೆ, ಅದು ಇನ್ನೊಂದನ್ನು. ಈ ಸರಣಿಯನ್ನು ನಡುವೆ ಕಡಿಯುವುದು ಪೊರೆಯೊಳಗೇ ಕೂತಿರುವ ವಿಟಮಿನ್ ಇ. ಕಡಿದ ಮೇಲೆ ಅದೇ ಒಂದು ಸೌಮ್ಯ ರ‍್ಯಾಡಿಕಲ್ ಆಗಿ ಉಳಿಯುತ್ತದೆ. ವಿಟಮಿನ್ ಸಿ ಅದನ್ನು ಮತ್ತೆ ಸರಿಮಾಡುತ್ತದೆ. ವಿಟಮಿನ್ ಸಿಯನ್ನು ಜೀವಕೋಶವೇ ತಯಾರಿಸುವ ಗ್ಲುಟಾಥಯೋನ್ ಸರಿಮಾಡುತ್ತದೆ. ಗ್ಲುಟಾಥಯೋನನ್ನು ನಾವು ತಿಂದ ಸಕ್ಕರೆಯ ಅಂಶದಿಂದ ಹುಟ್ಟುವ ಎನ್‌ಎಡಿಪಿಎಚ್. ಕೂಡುಕುಟುಂಬದಲ್ಲಿ ತಮ್ಮನ ಸಾಲವನ್ನು ಅಣ್ಣ, ಅಣ್ಣನದ್ದನ್ನು ಚಿಕ್ಕಪ್ಪ ತಲೆಯ ಮೇಲೆ ಹಾಕಿಕೊಂಡು ಕೊನೆಗೆ ಮನೆಯ ಯಜಮಾನ ತೀರಿಸಿದ ಹಾಗೆ. ನಡುವಿನ ಒಬ್ಬನ ಜೇಬಿಗೆ ಮಾತ್ರ ಹಣ ತುಂಬಿದರೆ ಮನೆಯ ಸಾಲ ತೀರುವುದಿಲ್ಲ. ಈ ಕ್ಯಾಪ್ಸೂಲಿನಲ್ಲಿ ನನಗೆ ಕಾಣುವ ಮೂಲ ದೋಷ ಇದು.

ಇನ್ನು ಡಬ್ಬಿಯ ಹಿಂಬದಿ. ಮೊದಲ ಸಾಲು ಕ್ಯಾರೆಟಿಗೆ ಬಣ್ಣ ಕೊಡುವ ಬೀಟಾ ಕ್ಯಾರೊಟೀನ್, ಕ್ಯಾಪ್ಸೂಲಿಗೆ 10 ಮಿಲಿಗ್ರಾಂ. ದಿನಕ್ಕೆ ಎರಡೆಂದರೆ 20. ಈ ಸಂಖ್ಯೆ ಕಂಡಾಗ ನಾನು ಡಬ್ಬಿಯನ್ನು ಕೆಳಗಿಡಲಿಲ್ಲ, ಎತ್ತಿ ಬೀರುವಿನೊಳಗೆ ಹಾಕಿದೆ. ಫಿನ್ಲೆಂಡಿನಲ್ಲಿ 29,133 ಧೂಮಪಾನಿ ಗಂಡಸರಿಗೆ ವಿಟಮಿನ್ ಇ, ಬೀಟಾ ಕ್ಯಾರೊಟೀನ್, ಎರಡೂ, ಅಥವಾ ಬರೀ ತೋರಿಕೆಯ ಮಾತ್ರೆ ಕೊಟ್ಟು ವರ್ಷಗಟ್ಟಲೆ ಗಮನಿಸಿದ ಪ್ರಯೋಗವೊಂದಿದೆ. ಬೀಟಾ ಕ್ಯಾರೊಟೀನ್ ಕೊಟ್ಟದ್ದು ದಿನಕ್ಕೆ ಇದೇ 20 ಮಿಲಿಗ್ರಾಂ. ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುತ್ತದೆ ಎಂಬ ನಿರೀಕ್ಷೆಯಿಂದಲೇ ಅದನ್ನು ಆರಂಭಿಸಿದ್ದರು. 1994ರಲ್ಲಿ ಫಲಿತಾಂಶ ಬಂದಾಗ ಬೀಟಾ ಕ್ಯಾರೊಟೀನ್ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ ಧೂಮಪಾನಿಗಳು, ಬಿಟ್ಟವರು, ಕಲ್ನಾರಿನ ಕೆಲಸಗಾರರು ಸೇರಿ 18,314 ಜನರ ಮೇಲೆ ನಡೆಯುತ್ತಿದ್ದ ಇನ್ನೊಂದು ಪ್ರಯೋಗವನ್ನು 1996ರ ಜನವರಿಯಲ್ಲಿ ಅವಧಿಗೆ ಮುಂಚೆಯೇ ನಿಲ್ಲಿಸಿದರು. ಬೀಟಾ ಕ್ಯಾರೊಟೀನ್ ಮತ್ತು ವಿಟಮಿನ್ ಎ ಒಟ್ಟಿಗೆ ಪಡೆದ ಗುಂಪಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 28 ಹೆಚ್ಚು ಕಂಡಿತ್ತು. ಹೊಗೆ ತುಂಬಿದ ಶ್ವಾಸಕೋಶದಲ್ಲಿ ಬೀಟಾ ಕ್ಯಾರೊಟೀನ್ ತಾನೇ ಉತ್ಕರ್ಷಣೆಗೊಂಡು ಕೆಡುಕಿನ ತುಣುಕುಗಳಾಗಿ ಒಡೆಯುತ್ತದೆ ಎಂಬುದು ವಿಜ್ಞಾನಿಗಳು ಕೊಡುವ ಕಾರಣಗಳಲ್ಲಿ ಒಂದು. ಕ್ಯಾರೆಟ್, ಕುಂಬಳ, ಹರಿವೆ ತಿನ್ನುವುದರಿಂದ ಈ ಭಯವಿಲ್ಲ. ಪ್ರಯೋಗದಲ್ಲಿ ಕೆಟ್ಟದ್ದು ಮಾಡಿದ್ದು ದಿನವೂ ಮಾತ್ರೆಯಲ್ಲಿ ನುಂಗಿದ ದೊಡ್ಡ ಪ್ರಮಾಣ.

ಬೀಡಿ ಕಟ್ಟಿಯೂ ಸೇದಿಯೂ ಬದುಕಿದ ಜಿಲ್ಲೆ ನಮ್ಮದು. ಇಲ್ಲಿಯ ಸಭಾಭವನದಲ್ಲಿ ನಿಂತು, ಎದುರು ಕೂತವರು ಬೀಡಿ ಸೇದುತ್ತಾರೋ ಇಲ್ಲವೋ ಎಂದು ಕೇಳದೆ ಈ ಡಬ್ಬಿ ಮಾರಿದ್ದಾರೆ. ನನಗೆ ಇದನ್ನು ಕ್ಷಮಿಸಲು ಆಗುವುದಿಲ್ಲ.

ಎರಡನೆಯ ಸಾಲು ವಿಟಮಿನ್ ಇ, ದಿನದ ಲೆಕ್ಕದಲ್ಲಿ 400 ಯೂನಿಟ್. ಇದೇ ಪ್ರಮಾಣವನ್ನು 35,533 ಗಂಡಸರ ಮೇಲೆ ನಡೆದ ಪ್ರಯೋಗದಲ್ಲಿ ಪರೀಕ್ಷಿಸಿದ್ದಾರೆ. ಪ್ರಾಸ್ಟೇಟ್ ಕ್ಯಾನ್ಸರ್ ತಡೆಯುತ್ತದೆಯೇ ಎಂಬುದು ಪ್ರಶ್ನೆಯಾಗಿತ್ತು. 2011ರ ವರದಿಯ ಪ್ರಕಾರ ವಿಟಮಿನ್ ಇ ಮಾತ್ರ ಪಡೆದವರಲ್ಲಿ ಅದು ಶೇ. 17 ಹೆಚ್ಚಾಯಿತು. ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಕೂಡ ಪಟ್ಟಿಯಲ್ಲಿದೆ. ಅದು ಪ್ರೋಟೀನ್, ಹೊಟ್ಟೆಗೆ ಹೋದರೆ ಮೊಟ್ಟೆಯ ಹಾಗೆ ಜೀರ್ಣವಾಗುತ್ತದೆ, ಜೀವಕೋಶದೊಳಗೆ ಹೋಗಿ ಕೆಲಸಕ್ಕೆ ಕೂರುವುದಿಲ್ಲ. ಮುಂಬದಿಯಲ್ಲಿ ದಪ್ಪ ಅಕ್ಷರದಲ್ಲಿರುವ ‘ಓರಾಕ್’ ಅಂಕ, ಅಂದರೆ ಆ್ಯಂಟಿಆಕ್ಸಿಡೆಂಟ್ ಸಾಮರ್ಥ್ಯದ ಅಂಕ, ಟೆಸ್ಟ್ ಟ್ಯೂಬಿನಲ್ಲಿ ಅಳೆದದ್ದು. ಅಮೆರಿಕದ ಕೃಷಿ ಇಲಾಖೆ ಇಂಥ ಅಂಕಗಳ ತನ್ನ ಪಟ್ಟಿಯನ್ನು 2012ರಲ್ಲಿ ಹಿಂತೆಗೆದುಕೊಂಡಿತು, ಟ್ಯೂಬಿನ ಅಂಕಕ್ಕೂ ದೇಹದೊಳಗಿನ ಪರಿಣಾಮಕ್ಕೂ ಸಂಬಂಧ ಕಾಣದ ಕಾರಣಕ್ಕೆ.

ವಿಟಮಿನ್ ಸಿ ದಿನಕ್ಕೆ 1,000 ಮಿಲಿಗ್ರಾಂ. ನಮ್ಮ ಐಸಿಎಂಆರ್ 2020ರಲ್ಲಿ ಗಂಡಸರಿಗೆ ಸೂಚಿಸಿದ್ದು 80 ಮಿಲಿಗ್ರಾಂ. ನೂರು ಗ್ರಾಂ ಪೇರಳೆಹಣ್ಣಿನಲ್ಲಿ ಅದರ ಎರಡು ಪಟ್ಟಿಗಿಂತ ಹೆಚ್ಚಿದೆ. ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ, ಹೋದರೆ ಹೋಗಲಿ ಎನ್ನುತ್ತಾರೆ ಹಲವರು. ಹೋಗುವ ದಾರಿಯಲ್ಲಿ ಅದು ಏನು ಮಾಡುತ್ತದೆ ಎಂದು ನಾನು ಲ್ಯಾಬಿನಲ್ಲಿ ನೋಡಿದ್ದೇನೆ.

ಕ್ಯಾಪ್ಸೂಲ್ ನುಂಗುತ್ತಿದ್ದ ದಿನಗಳಲ್ಲೇ ಮಾವನಿಗೆ ಸೊಂಟದ ಎಡಬದಿಯಲ್ಲಿ ನೋವು ಇತ್ತು. ಮೂತ್ರ ಪರೀಕ್ಷೆಗೆ ತಂದರು. ರಾಸಾಯನಿಕದ ಚೌಕಗಳಿರುವ ಪರೀಕ್ಷಾ ಪಟ್ಟಿಯನ್ನು ಮೂತ್ರದಲ್ಲಿ ಅದ್ದಿ, ಅಂಚನ್ನು ಟಿಶ್ಯೂ ಕಾಗದಕ್ಕೆ ಒರೆಸಿ, ಬಾಟಲಿಯ ಬಣ್ಣಗಳ ಪಕ್ಕಕ್ಕೆ ಹಿಡಿದೆ. ರಕ್ತ ಇದೆಯೇ ಎಂದು ತೋರಿಸುವ ಚೌಕ ಹಳದಿಯಾಗಿಯೇ ಉಳಿಯಿತು, ಹಸಿರಿನ ಚುಕ್ಕೆಯೂ ಇಲ್ಲ. ಅಂದರೆ ರಕ್ತ ಇಲ್ಲ. ಆದರೆ ಅದೇ ಮಾದರಿಯನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ತಳದಲ್ಲಿ ಕುಳಿತದ್ದನ್ನು ಒಂದು ಹನಿ ಗಾಜಿನ ಮೇಲೆ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಂಪು ರಕ್ತಕಣಗಳು. ದುಂಡಗೆ, ನಸು ಹಳದಿಯಾಗಿ, ಪ್ರತಿ ಕ್ಷೇತ್ರದಲ್ಲೂ ಹತ್ತಕ್ಕಿಂತ ಹೆಚ್ಚು. ಕೆಲವು ಕಡೆ ಲಕೋಟೆಯ ಆಕಾರದ ಆಕ್ಸಲೇಟ್ ಹರಳುಗಳೂ ಇದ್ದವು.

ಆ ಚೌಕದಲ್ಲಿ ಪೆರಾಕ್ಸೈಡ್ ಜಾತಿಯ ಒಂದು ರಾಸಾಯನಿಕವೂ ಬಣ್ಣ ಬದಲಿಸುವ ಇನ್ನೊಂದು ರಾಸಾಯನಿಕವೂ ಇರುತ್ತವೆ. ಮೂತ್ರದಲ್ಲಿ ಹಿಮೋಗ್ಲೋಬಿನ್ ಇದ್ದರೆ ಅದು ಇವೆರಡರ ನಡುವೆ ಕ್ರಿಯೆ ನಡೆಸಿ ಹಸಿರು ಬಣ್ಣ ತರುತ್ತದೆ. ಧಾರಾಳ ವಿಟಮಿನ್ ಸಿ ಇದ್ದರೆ ಅದು ಎಲೆಕ್ಟ್ರಾನ್ ಕೊಟ್ಟು ಹಸಿರು ಮೂಡದಂತೆ ತಡೆಯುತ್ತದೆ. ಸಭಾಭವನದ ಗ್ಲಾಸಿನಲ್ಲಿ ಕಂದು ಬಣ್ಣ ಮಾಯ ಮಾಡಿದ ಗುಣವೇ ನನ್ನ ಪಟ್ಟಿಯ ಮೇಲೆ ರಕ್ತವನ್ನು ಮಾಯ ಮಾಡಿತು. ಸಕ್ಕರೆ ತೋರಿಸುವ ಚೌಕಕ್ಕೂ ಇದೇ ಗತಿ. ಕೆಲವು ಕಂಪನಿಗಳ ಪಟ್ಟಿಗಳಲ್ಲಿ ಇದನ್ನು ತಡೆಯಲು ಅಯೋಡೇಟ್ ಸೇರಿಸಿರುತ್ತಾರೆ, ಎಲ್ಲದರಲ್ಲೂ ಅಲ್ಲ. ಯೂರಿಕ್ ಆಮ್ಲ, ಕೊಲೆಸ್ಟರಾಲ್, ಟ್ರೈಗ್ಲಿಸರೈಡ್ ಅಳೆಯುವ ಹಲವು ವಿಧಾನಗಳೂ ಪೆರಾಕ್ಸೈಡಿನ ಬಣ್ಣವನ್ನೇ ನಂಬಿಕೊಂಡಿವೆ. ರಕ್ತದಲ್ಲಿ ವಿಟಮಿನ್ ಸಿ ಬಹಳ ಹೆಚ್ಚಿದ್ದರೆ ಅವುಗಳ ಅಂಕವೂ ತಗ್ಗುತ್ತದೆ.

ಎಪ್ಪತ್ತು ದಾಟಿದ, ಬೀಡಿ ಸೇದುವ ಗಂಡಸಿನ ಮೂತ್ರದಲ್ಲಿ ರಕ್ತ ಎಂದರೆ ಸುಮ್ಮನೆ ಬಿಡುವ ವಿಷಯವಲ್ಲ. ಮೂತ್ರಕೋಶದ ಕ್ಯಾನ್ಸರಿಗೂ ಹೊಗೆಗೂ ನಂಟಿದೆ. ಮಾವನಿಗೆ ಸ್ಕ್ಯಾನಿಂಗಿನಲ್ಲಿ ಕಂಡದ್ದು ಎಡ ಮೂತ್ರಪಿಂಡದಲ್ಲಿ ಕಲ್ಲು. ಮೂತ್ರಕೋಶವನ್ನೂ ಪರೀಕ್ಷಿಸಿದರು, ಅಲ್ಲಿ ಏನೂ ಇರಲಿಲ್ಲ. ಹೆಚ್ಚಾದ ವಿಟಮಿನ್ ಸಿಯ ಒಂದು ಭಾಗ ದೇಹದಲ್ಲಿ ಆಕ್ಸಲೇಟ್ ಆಗುತ್ತದೆ, ಗಂಡಸರಲ್ಲಿ ಕಲ್ಲಿನ ಅಪಾಯ ಹೆಚ್ಚಿಸುತ್ತದೆ. ಹಾಗಿದ್ದರೂ ಅವರ ಕಲ್ಲು ಈ ಡಬ್ಬಿಯಿಂದಲೇ ಬಂತು ಎಂದು ನಾನು ಹೇಳುವುದಿಲ್ಲ. ಸೆಖೆಯ ಊರಿನಲ್ಲಿ ನೀರು ಕುಡಿಯದವರಿಗೆ ಕಲ್ಲಾಗಲು ಬೇರೆ ಕಾರಣ ಬೇಡ. ಕ್ಯಾಪ್ಸೂಲ್ ನಿಲ್ಲಿಸಿ ಕೆಲವು ದಿನ ಬಿಟ್ಟು ಮತ್ತೆ ಪಟ್ಟಿ ಅದ್ದಿದಾಗ ಚೌಕ ಹಸಿರಾಯಿತು ಎಂಬುದಷ್ಟೇ ನಾನು ನೋಡಿದ್ದು.

ಡಬ್ಬಿಯ ಹಿಂಬದಿಯ ಪಟ್ಟಿಯ ಕೊನೆಯಲ್ಲಿ ಕೂದಲಿಗೆಂದು ಬಯೋಟಿನ್ ಎಂಬ ಬಿ ಗುಂಪಿನ ವಿಟಮಿನ್ ಸೇರಿಸಿದ್ದಾರೆ. ಇದು ಆ್ಯಂಟಿಆಕ್ಸಿಡೆಂಟ್ ಕೂಡ ಅಲ್ಲ. ಹೆಚ್ಚಿನ ಪ್ರಮಾಣದಲ್ಲಿ ಇದ್ದರೆ ಕೆಲವು ಯಂತ್ರಗಳಲ್ಲಿ ಥೈರಾಯ್ಡ್ ವರದಿ ಸುಳ್ಳಾಗುತ್ತದೆ, ಹೃದಯಾಘಾತ ಗುರುತಿಸುವ ಟ್ರೋಪೋನಿನ್ ಅಂಕವೂ ತಗ್ಗಿ ಬರಬಹುದು. 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಬಗ್ಗೆ ಎಚ್ಚರಿಕೆಯನ್ನೇ ಹೊರಡಿಸಿತ್ತು.

ಇನ್ನೊಂದು ಮಾತು ಮಾರುವವರು ಎಂದೂ ಹೇಳುವುದಿಲ್ಲ. ಫ್ರೀ ರ‍್ಯಾಡಿಕಲ್ ಬರೀ ಶತ್ರುವಲ್ಲ. ಬಿಳಿರಕ್ತಕಣಗಳು ಬ್ಯಾಕ್ಟೀರಿಯಾವನ್ನು ನುಂಗಿದ ಮೇಲೆ ಬೇಕೆಂದೇ ಸೂಪರ್‌ಆಕ್ಸೈಡ್ ಹುಟ್ಟಿಸಿ ಅದನ್ನು ಕೊಲ್ಲುತ್ತವೆ. ಹುಟ್ಟಿನಿಂದಲೇ ಆ ಶಕ್ತಿಯಿಲ್ಲದ ಮಕ್ಕಳು ಮತ್ತೆ ಮತ್ತೆ ಸೋಂಕಿಗೆ ತುತ್ತಾಗುತ್ತಾರೆ. ವ್ಯಾಯಾಮದ ಲಾಭದ ಒಂದಂಶವೂ ರ‍್ಯಾಡಿಕಲ್‌ಗಳು ಕೊಡುವ ಸೂಚನೆಯಿಂದಲೇ ಬರುತ್ತದೆ. ದೊಡ್ಡ ಪ್ರಮಾಣದ ವಿಟಮಿನ್ ಸಿ ಮತ್ತು ಇ ಜೊತೆಗೆ ಕೊಟ್ಟಾಗ ಇನ್ಸುಲಿನ್ ವಿಷಯದಲ್ಲಿ ವ್ಯಾಯಾಮ ತರುವ ಸುಧಾರಣೆ ಕುಂಠಿತವಾದದ್ದನ್ನು 2009ರ ಜರ್ಮನ್ ಅಧ್ಯಯನವೊಂದು ತೋರಿಸಿದೆ.

ಹಾಗಾದರೆ ಆ್ಯಂಟಿಆಕ್ಸಿಡೆಂಟ್ ಔಷಧಿ ಎಲ್ಲೂ ಬೇಡವೇ? ಬೇಕು, ಅದಕ್ಕೆ ಸರಿಯಾದ ಜಾಗ ಬೇಕು. ಪ್ಯಾರಾಸಿಟಮಾಲ್ ವಿಪರೀತ ನುಂಗಿದವರ ಯಕೃತ್ತಿನಲ್ಲಿ ಅದರ ವಿಷಕಾರಿ ಅಂಶ ಗ್ಲುಟಾಥಯೋನನ್ನು ಬರಿದು ಮಾಡಿ ಜೀವಕೋಶಗಳನ್ನು ಕೊಲ್ಲುತ್ತದೆ. ಎನ್-ಅಸಿಟೈಲ್‌ಸಿಸ್ಟೀನ್ ಕೊಟ್ಟರೆ ಯಕೃತ್ತು ಮತ್ತೆ ಗ್ಲುಟಾಥಯೋನ್ ಮಾಡಿಕೊಳ್ಳುತ್ತದೆ. ಎಂಟು ಗಂಟೆಯೊಳಗೆ ಶುರುಮಾಡಿದರೆ ಹೆಚ್ಚುಕಡಿಮೆ ಎಲ್ಲರ ಯಕೃತ್ತೂ ಉಳಿಯುತ್ತದೆ. ತಡವಾಗಿ ಬಂದವರ, ಯಕೃತ್ತಿಗಾದ ಹಾನಿಯನ್ನು ತೋರಿಸುವ ಎಸ್‌ಜಿಪಿಟಿ ಸಾವಿರಗಳಲ್ಲಿ ಏರುವುದನ್ನೂ, ಬೇಗ ಬಂದವರದು ನಲವತ್ತರ ಆಸುಪಾಸಿನಲ್ಲೇ ನಿಲ್ಲುವುದನ್ನೂ ನಾನು ಮುದ್ರಿಸಿ ಕಳುಹಿಸಿದ್ದೇನೆ. ಅಂಗಾಂಶಕ್ಕೆ ರಕ್ಷಣೆ ಎಂದರೆ ನನ್ನ ಮಟ್ಟಿಗೆ ಅದು.

ನಮ್ಮ ಅತ್ತೆಯೂ ಒಂದು ಆ್ಯಂಟಿಆಕ್ಸಿಡೆಂಟ್ ಮಾತ್ರೆ ತೆಗೆದುಕೊಳ್ಳುತ್ತಾರೆ, ಅದನ್ನು ನಾನು ನಿಲ್ಲಿಸಿಲ್ಲ. ಅವರ ಅಕ್ಷಿಪಟಲದ ಮಧ್ಯಭಾಗ ವಯಸ್ಸಿನಿಂದ ಸವೆಯುತ್ತಿದೆ, ಮಧ್ಯಮ ಹಂತ. ಕಣ್ಣಿನ ಡಾಕ್ಟರು ನೋಡಿ ಬರೆದುಕೊಟ್ಟದ್ದು. ಅಂಥವರಲ್ಲಿ ವಿಟಮಿನ್ ಸಿ, ಇ, ಸತು ಮುಂತಾದವು ಸೇರಿದ ನಿರ್ದಿಷ್ಟ ಮಿಶ್ರಣದಿಂದ ಕಾಯಿಲೆ ಕೊನೆಯ ಹಂತಕ್ಕೆ ಹೋಗುವ ಅಪಾಯ ಸುಮಾರು ಶೇ. 25 ತಗ್ಗುತ್ತದೆ ಎಂದು 2001ರ ದೊಡ್ಡ ಪ್ರಯೋಗ ತೋರಿಸಿದೆ. 2013ರಲ್ಲಿ ಬಂದ ಅದರ ಮುಂದಿನ ಭಾಗದ ನಂತರ ಬೀಟಾ ಕ್ಯಾರೊಟೀನಿನ ಜಾಗಕ್ಕೆ ಲ್ಯೂಟೀನ್, ಝಿಯಾಕ್ಸಾಂಥಿನ್ ಎಂಬ ವರ್ಣದ್ರವ್ಯಗಳು ಬಂದಿವೆ. ಕಣ್ಣು ಸರಿಯಿರುವವರಿಗೆ ಅದರಿಂದ ಲಾಭವಿಲ್ಲ. ಯಾವ ಕಾಯಿಲೆಗೆ, ಯಾವ ಹಂತದಲ್ಲಿ, ಎಷ್ಟು ಪ್ರಮಾಣ ಎಂಬುದು ಆ ಚೀಟಿಯಲ್ಲಿದೆ. ಶಿಬಿರದ ಡಬ್ಬಿಯಲ್ಲಿ ಇಲ್ಲದ್ದು ಅದೇ.

ಐದಕ್ಕೆ ಐದು ಅಂಕ ಕೊಡಬೇಕಾದವರು ಒಬ್ಬರಿದ್ದಾರೆ: ಬಿಜೈ ಕಡೆಯ ಸಣ್ಣ ಔಷಧದ ಅಂಗಡಿಯ ಫಾರ್ಮಸಿಸ್ಟ್. ಡಬ್ಬಿ ಮುಗಿಯುತ್ತಾ ಬಂದಾಗ ಮಾವ ಇಂಥದ್ದೇ ಅಗ್ಗದಲ್ಲಿ ಸಿಗುತ್ತದೆಯೇ ಎಂದು ಅಲ್ಲಿ ಕೇಳಿದ್ದರು. ಅವರ ಕಪಾಟಿನಲ್ಲಿ ಅಂಥ ಕ್ಯಾಪ್ಸೂಲ್ ಇತ್ತು, ಮಾರಿದ್ದರೆ ವ್ಯಾಪಾರವಾಗುತ್ತಿತ್ತು. ಅವರು ಮಾವನ ಅಂಗಿಯ ಜೇಬಿನಲ್ಲಿದ್ದ ಬೀಡಿಕಟ್ಟು ನೋಡಿ, “ಅಜ್ಜ, ಬೀಡಿ ಸೇದುವವರಿಗೆ ಇದು ನಾನು ಕೊಡುವುದಿಲ್ಲ. ಮನೆಯಲ್ಲಿ ಸೊಸೆ ಲ್ಯಾಬಿನಲ್ಲಿದ್ದಾರಲ್ಲ, ಡಬ್ಬಿ ಅವರಿಗೆ ತೋರಿಸಿ” ಎಂದು ಕಳುಹಿಸಿದರು. ಮಾವ ಡಬ್ಬಿಯನ್ನು ನನ್ನ ಕೈಗೆ ಕೊಟ್ಟದ್ದು ಹಾಗೆ.

ಡಬ್ಬಿಯ ಮೇಲೆ ಕಾನೂನಿನ ಪ್ರಕಾರ ‘ಔಷಧೀಯ ಬಳಕೆಗಲ್ಲ’ ಎಂಬರ್ಥದ ಇಂಗ್ಲಿಷ್ ಸಾಲು ಇದೆ. ಶಿಬಿರದಲ್ಲಿ ಹೇಳುವುದೆಲ್ಲ ಕನ್ನಡ, ತುಳುವಿನಲ್ಲಿ. ಸಕ್ಕರೆ ಕಾಯಿಲೆ, ಹೃದಯ, ಮೊಣಕಾಲು ಎಲ್ಲದಕ್ಕೂ ಔಷಧಿ ಎಂದೇ ಹೇಳುತ್ತಾರೆ. ತೆರೆದ ಡಬ್ಬಿ ವಾಪಸ್ ಇಲ್ಲ, ಫೋನ್ ಮಾಡಿದರೆ ಎತ್ತುವುದಿಲ್ಲ. ಸೇವೆಯ ಬಗ್ಗೆ ಇಷ್ಟು ಸಾಕು.

ಆ 1,850 ರೂಪಾಯಿಗೆ ನಮ್ಮ ಮನೆಯಲ್ಲಿ ಈಗ ಪೇರಳೆ, ಬಸಳೆ, ನುಗ್ಗೆಸೊಪ್ಪು, ಒಂದೆಲಗದ ತಂಬುಳಿ, ಪುನರ್ಪುಳಿ ಸಾರು ನಡೆಯುತ್ತವೆ. ಇವು ಕ್ಯಾನ್ಸರ್ ತಡೆಯುತ್ತವೆ ಎಂದು ನಾನು ಬರೆಯುವುದಿಲ್ಲ. ದಿನಕ್ಕೆ 400 ಗ್ರಾಂ ತರಕಾರಿ ಹಣ್ಣು ತಿನ್ನಿ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯನ್ನು ನಮ್ಮ ಅಡುಗೆಮನೆ ಸುಲಭವಾಗಿ ಪಾಲಿಸಬಲ್ಲದು, ಅಷ್ಟೆ. ಮಾವನ ಶ್ವಾಸಕೋಶಕ್ಕೆ ನಿಜವಾದ ರಕ್ಷಣೆ ಬೀಡಿ ಬಿಡುವುದೇ ಎಂದು ಎದೆರೋಗದ ಡಾಕ್ಟರು ಅವರ ಮುಖಕ್ಕೇ ಹೇಳಿದ್ದಾರೆ. ಅರ್ಧಕ್ಕಿಂತ ಕಡಿಮೆಯಾಗಿದೆ, ಇನ್ನೂ ಹೋರಾಡುತ್ತಿದ್ದಾರೆ, ನಾವೂ ಜೊತೆಗಿದ್ದೇವೆ.

ಈ ಡಬ್ಬಿ ಈಗಾಗಲೇ ಮನೆಯಲ್ಲಿದ್ದರೆ ಮಾಡಬೇಕಾದದ್ದು: ಸೇದುವವರು, ಸೇದಿ ಬಿಟ್ಟವರು ಬೀಟಾ ಕ್ಯಾರೊಟೀನ್ ಇರುವುದನ್ನು ಇಂದೇ ನಿಲ್ಲಿಸಿ ವೈದ್ಯರಿಗೆ ತಿಳಿಸಿ. ರಕ್ತ, ಮೂತ್ರ ಪರೀಕ್ಷೆಗೆ ಹೋಗುವಾಗ ನುಂಗುತ್ತಿರುವ ಎಲ್ಲ ವಿಟಮಿನ್‌ಗಳ ಹೆಸರನ್ನು ಬರೆದುಕೊಂಡು ಹೋಗಿ. ಬಯೋಟಿನ್ ಇದ್ದರೆ ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ಕೇಳಿ. ನಮ್ಮ ಲ್ಯಾಬಿನಲ್ಲಿ ಮಾದರಿ ಪಡೆಯುವ ಕಿಟಕಿಯಲ್ಲಿ, ಊಟವಾಗಿ ಎಷ್ಟು ಹೊತ್ತಾಯಿತು ಎಂಬ ಪ್ರಶ್ನೆಯ ಕೆಳಗೆ, ವಿಟಮಿನ್ ಮಾತ್ರೆ ತೆಗೆದುಕೊಳ್ಳುತ್ತೀರಾ ಎಂಬ ಪ್ರಶ್ನೆಯನ್ನೂ ಈಗ ಸೇರಿಸಿದ್ದೇವೆ.